ಒಂಬತ್ತು ಬಾಟಲಿ

ಈ ವ್ಯಾನಿನ ಇಂಜಿನ್ ಇರುವುದು
ನನ್ನ ಸೀಟಿನ ಕೆಳಗೆ.
ಅದಕ್ಕೆ ಮೈ ಕಾದರೆ
ಮುಳ್ಳಿಗಿಂತ ಮೊದಲು ನನ್ನ ತೊಡೆಗೆ ಗೊತ್ತಾಗುತ್ತದೆ.

ಏಪ್ರಿಲ್, ಟಿನ್ ಫ್ಯಾಕ್ಟರಿ, ಮಧ್ಯಾಹ್ನ ಮೂರೂಮುಕ್ಕಾಲು.
ಮೇಲೆ ಮೆಟ್ರೋ ತಣ್ಣಗೆ ಹೋಯಿತು, ಬಂತು, ಮತ್ತೆ ಹೋಯಿತು.
ಕೆಳಗೆ ನಾವು, ಮುಂದಿನ ಬಸ್ಸಿನ ಹೊಗೆಗೆ ಮೂಗು ಕೊಟ್ಟು
ಒಂದಿಂಚು, ಅರ್ಧ ಇಂಚು.
ಮುಳ್ಳು ಮಾತ್ರ ಯಾವ ಜಾಮೂ ಇಲ್ಲದೆ
ಕೆಂಪು ಗೆರೆಯ ಕಡೆ ನಡೆದಿತ್ತು.

ಜಬೀವುಲ್ಲಾ ಸಾಬರು ಎಂದೋ ಹೇಳಿದ್ದರು:
"ಸಿಕ್ಕಾಕ್ಕೊಂಡ್ರೆ ಹೀಟರ್ ಹಾಕಮ್ಮ, ಫುಲ್ಲು.
ಇಂಜಿನ್ ಸೆಕೆ ಸ್ವಲ್ಪ ನೀನು ಇಸ್ಕೋ."
ಬೆಂಗಳೂರಲ್ಲಿ ಹೀಟರ್ ಯಾರು ಮುಟ್ಟುತ್ತಾರೆ?
ಕೊಂಡಾಗಿನಿಂದ ತಿರುಗದ ತಿರುಪು,
ಅದರ ಮೇಲೆ ಯಾವುದೋ ಮಗು ಅಂಟಿಸಿದ ಚಿಟ್ಟೆ ಸ್ಟಿಕ್ಕರು.
ಚಿಟ್ಟೆಯನ್ನೇ ಹಿಡಿದು ತಿರುಗಿಸಿದೆ.

ಒಂಬತ್ತು ಮಕ್ಕಳು ಒಂದೇ ಬಾಯಲ್ಲಿ ಕಿರುಚಿದವು.
ಸುಟ್ಟ ಧೂಳಿನ ವಾಸನೆ, ಮುಖಕ್ಕೆ ಒಲೆಯ ಬಾಯಿ.
"ಆಂಟಿ, ಹುಚ್ಚಾ ನಿಮಗೆ?" ಹಿಂದಿನ ಸೀಟಿನ ತನ್ವೀರ್.
ಕಿಟಕಿ ಪೂರಾ ತೆಗೀರೋ, ಕೈ ಹೊರಗೆ ಹಾಕ್ಬೇಡಿ.
ಮುಳ್ಳು ನಿಂತಿತು. ಯೋಚಿಸಿತು.
ಕೂದಲೆಳೆಯಷ್ಟು ಹಿಂದೆ ಬಂತು.

ಹೇಗೋ ಕಸ್ತೂರಿನಗರದ ತಿರುವಿಗೆ ನುಸುಳಿ
ಹೊಂಗೆ ನೆರಳಿಗೆ ನಿಲ್ಲಿಸಿದೆ.
ಕಾಯಬೇಕು. ಇರುವುದು ಇದೊಂದೇ ಕೆಲಸ, ಕಷ್ಟದ್ದೂ ಇದೇ.
ನನ್ನ ಬಲ ಮಣಿಕಟ್ಟಿನಲ್ಲಿ ನುಣುಪಾದ ಕಲೆಯೊಂದಿದೆ,
ಗಾಡಿ ಕಲಿತ ಹೊಸದರಲ್ಲಿ ಆತುರಕ್ಕೆ ಮುಚ್ಚಳ ತೆಗೆದದ್ದು.
ಫೋನು ಹೊಡಕೊಳ್ಳುತ್ತಲೇ ಇತ್ತು: ಎಲ್ಲಿದ್ದೀರಿ, ಎಲ್ಲಿದ್ದೀರಿ.
ಅರ್ಧ ಗಂಟೆ, ದಪ್ಪ ಬಟ್ಟೆ, ಕಾಲು ಸುತ್ತು;
ಉಸ್ಸೆಂದು ಅದರ ಸಿಟ್ಟು ಪೂರಾ ಇಳಿಯುವ ತನಕ ಕೈ ಹಾಗೇ.
ಆಮೇಲೆ ಉಳಿದ ಸುತ್ತು.

ಒಳಗೆ ನೀರಿಲ್ಲ. ನನ್ನ ಕ್ಯಾನೂ ಖಾಲಿ.
"ಯಾರ ಬಾಟಲಿಯಲ್ಲಿ ಎಷ್ಟಿದೆಯೋ ತನ್ನಿ."
ಸಾಲಾಗಿ ಬಂದವು: ಸ್ಟೀಲಿನದು, ಮುಚ್ಚಳ ಕಚ್ಚಿದ್ದು,
ತಳದಲ್ಲಿ ಎರಡು ಗುಟುಕು ಮಾತ್ರ ಉಳಿದದ್ದು.
ಕಾವೇರಿ, ಬೋರು, ಟ್ಯಾಂಕರು, ಫಿಲ್ಟರು,
ಹೊರಮಾವಿನ ಎಲ್ಲ ಬೀದಿಯ ನೀರೂ ಅದೇ ತೂತಿಗೆ.
ಇಂಜಿನ್ ಓಡುತ್ತಿರಲಿ, ನೂಲಿನ ಹಾಗೆ ಸುರಿಯಬೇಕು,
ತಣ್ಣೀರು ಒಮ್ಮೆಲೇ ಬಿದ್ದರೆ ಕಬ್ಬಿಣಕ್ಕೂ ಎದೆ ಒಡೆಯುತ್ತದೆ.
ಎಂಟಾದವು. ಒಂಬತ್ತನೆಯದಕ್ಕೆ ಕೈ ಚಾಚಿದರೆ
ಯುಕೆಜಿಯ ಇಂಪನಾ ಅದನ್ನು ತಬ್ಬಿಕೊಂಡು ನಿಂತಿದ್ದಳು:
"ನಂದು ನಿಂಬೆಹಣ್ಣಿನ ಶರಬತ್ತು."
ಬೇಡ ಕಣೆ, ಗಾಡಿಗೆ ಹುಳಿ ಆಗಲ್ಲ ಅಂದೆ.
ಮನೆ ಮುಟ್ಟುವ ತನಕ ಅತ್ತಳು.

ಭಾನುವಾರ ಶಿವಾಜಿನಗರ, ಗುಜರಿ ಗಲ್ಲಿ.
ಸಾಬರು ರೇಡಿಯೇಟರು ಬಿಚ್ಚಿ ಕಲ್ಲಿನ ಮೇಲೊರಗಿಸಿ
ಗ್ಯಾಸ್ ಉರಿಯಲ್ಲಿ ಹಿತ್ತಾಳೆಯ ತಲೆ ಬಿಡಿಸಿದರು.
ಒಳಗೆ ಕೊಳವೆಗಳ ಬಾಯಿಗೆಲ್ಲ ಬಿಳಿ ಕಟ್ಟಿತ್ತು,
ಎಲೆಯಡಿಕೆ ಡಬ್ಬಿಯ ಒಣ ಸುಣ್ಣದಂತೆ.
ಉಗುರಲ್ಲಿ ಕೆರೆದು ಬೆಳಕಿಗೆ ಹಿಡಿದರು:
"ಸಾವಿರದಿನ್ನೂರು ಅಡಿ ಬೋರು. ಹೊರಮಾವಾ, ಕಲ್ಕೆರೆನಾ?"
ನಮ್ಮ ಸೋಲಾರ್ ಪೈಪಿನಲ್ಲೂ ಇದೇ ಬಿಳಿ,
ಗಂಡನ ಸ್ಕ್ಯಾನಿಂಗಿನಲ್ಲಿ ಡಾಕ್ಟರು ತೋರಿಸಿದ್ದೂ ಇದೇ ಇರಬೇಕು.
ಅವರು ಉದ್ದನೆಯ ತಗಡಿನ ಪಟ್ಟಿಯನ್ನು
ಒಂದೊಂದೇ ಕೊಳವೆಗೆ ತೂರಿ ಎಳೆದರು,
ನಲವತ್ತಾರು ಕೊಳವೆ, ಒಂದು ಮಾತಿಲ್ಲ.
ಫಿನ್ನುಗಳ ಸಂದಿನ ಹೊಂಗೆ ಹೂವು, ಸತ್ತ ಜೇನು
ಬ್ರಷ್ಷಿನಲ್ಲಿ ಕೊಡವಿ, ಸೀಸ ಕುಡಿಸಿ,
ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟರು.
ಗುಳ್ಳೆ ಏಳಲಿಲ್ಲ.
ಇಬ್ಬರೂ ಇನ್ನೂ ಸ್ವಲ್ಪ ಹೊತ್ತು ನೋಡುತ್ತ ನಿಂತೆವು.

"ಇನ್ಮೇಲೆ ನಲ್ಲಿ ನೀರು ತೋರಿಸ್ಬೇಡ.
ಹಸಿರು ಕೂಲೆಂಟು, ಬ್ಯಾಟರಿ ನೀರು, ಅರ್ಧಕ್ಕರ್ಧ."
ಕಂತಿಗೆ ಎತ್ತಿಟ್ಟ ದುಡ್ಡಲ್ಲಿ ಎಂಟುನೂರು ಹೋಯಿತು.

ಈಗ ಬೆಳಿಗ್ಗೆ ಆರಕ್ಕೆ, ಗಾಡಿಗೆ ಇನ್ನೂ ನಿದ್ದೆ ಇರುವಾಗ,
ಬೆರಳು ಅದ್ದಿ ಉಜ್ಜಿ ನೋಡುತ್ತೇನೆ
ಪಾಕ ಎಳೆ ಬಂತೇ ಅಂತ ನೋಡುವ ಹಾಗೆ.
ಜಿಡ್ಡಿಲ್ಲ, ತುಕ್ಕಿಲ್ಲ.
ಮುಚ್ಚಳದ ರಬ್ಬರು ಒರೆಸಿ
ಎರಡನೇ ಟಕ್ ಕೇಳುವವರೆಗೆ ಒತ್ತಿ ತಿರುಗಿಸುತ್ತೇನೆ.
ಹೀಟರಿನ ಚಿಟ್ಟೆಗೆ ಒಂದು ರೆಕ್ಕೆ ಕಿತ್ತುಹೋಗಿದೆ.

ಏಳೂಕಾಲಿಗೆ ಇಂಪನಾ ಹತ್ತುತ್ತಾಳೆ,
ಬ್ಯಾಗು ಇಳಿಸುವ ಮೊದಲೇ ಬಾಟಲಿ ಎತ್ತಿ ಅಲ್ಲಾಡಿಸುತ್ತಾಳೆ:
"ಆಂಟಿ, ಬರೀ ನೀರು."