ಗಿಟ್ಟುತ್ತದೆಯೇ

ಬ್ಯೂಟ್ ಊರಿನ ಚಳಿಗೆ ಅಡುಗೆಮನೆಯ ಕಿಟಕಿ ಬೆವರುತ್ತದೆ.
ಮೇಜಿನ ಮೇಲೆ ಬ್ಯಾಂಕಿನಿಂದ ತಂದ ಪೆನ್ನಿ ಸುರುಳಿಗಳು.
ಅಪ್ಪ ಇಸವಿ ನೋಡುವುದಿಲ್ಲ, ಕಣ್ಣು ಮಂಜು.
ಒಂದೊಂದನ್ನೇ ಕಲ್ಲಿನ ಮೇಲೆ ಬಿಡುತ್ತಾನೆ:
ಠಣ್ ಎಂದರೆ ತಾಮ್ರ, ಡಬ್ಬಿಗೆ.
ಥಪ್ ಎಂದರೆ ಸತು, ಮತ್ತೆ ಬ್ಯಾಂಕಿಗೆ.

ನಾನು ಟೈರ್ ಅಂಗಡಿಯ ಲೆಕ್ಕ ಬರೆಯುವವಳು.
ಲಕೋಟೆಯ ಬೆನ್ನ ಮೇಲೆ ಗೀಚಿ ತೋರಿಸಿದೆ.
ಹನ್ನೊಂದು ಚಳಿಗಾಲ, ಮೂವತ್ತನಾಲ್ಕು ಸಾವಿರ ಪೆನ್ನಿ.
ಕರಗಿಸಿದರೆ ಜೈಲು.
ಮಿಸೌಲಾದವನು ಕೊಡುವುದು ಸೆಂಟಿಗೆ ಒಂದೂವರೆ.
ಲಾಭ ನೂರಾ ಎಪ್ಪತ್ತು ಡಾಲರ್.
ಪೆಟ್ರೋಲು ಕಳೆ. ಗ್ಯಾರೇಜಿನಲ್ಲಿ ಮುರಿದ ಹಲಗೆ ಕಳೆ.
ನಿನ್ನ ಬೆನ್ನು—
‘ಅದನ್ನು ಗಣಿಯವರು ಎಂದೋ ಕಳೆದಿದ್ದಾರೆ,’ ಅಂದ.

ಎಂಬತ್ತೆರಡರಲ್ಲಿ ಗಣಿಯ ಪಂಪು ನಿಲ್ಲಿಸಿದರು,
ಅವನು ನಡೆದ ಸುರಂಗಗಳಿಗೆ ನೀರು ಏರಿತು.
ಅದೇ ವರ್ಷ ಕಾಸಿನ ಹೊಟ್ಟೆಗೆ ಸತು ಹೊಕ್ಕಿತು,
ಮೇಲೆ ಮಾತ್ರ ತಾಮ್ರದ ತೆಳು ಅಂಗಿ.
ಈ ಎರಡನ್ನೂ ಅಪ್ಪ ಒಂದೇ ಉಸಿರಲ್ಲಿ
ಯಾವತ್ತೂ ಹೇಳಿಲ್ಲ. ನಾನೇ ಜೋಡಿಸಿದ್ದು.

ಶನಿವಾರ ಮಿಸೌಲಾದವನು ತಕ್ಕಡಿ ತಂದ.
ಡಬ್ಬಿ ಡಬ್ಬಿ ಎತ್ತಿದ, ಏದುಸಿರು ಬಿಟ್ಟ.
‘ವುಕೋವಿಚ್ ಅವರೇ, ಹೇಳಿದ್ದಕ್ಕಿಂತ
ಎರಡು ಕಿಲೋ ಕಮ್ಮಿ ಇದೆಯಲ್ಲ?’
‘ಹೌದಾ,’ ಅಂದ ಅಪ್ಪ, ಕಿಟಕಿ ಒರೆಸುತ್ತಾ.
ನೋಟುಗಳನ್ನು ಎಣಿಸದೆ ನನ್ನ ಕೈಗಿತ್ತ.

ರಾತ್ರಿ ಸಿಂಕಿನ ಕೆಳಗೆ ಸೋಪು ಹುಡುಕುವಾಗ
ಬಟ್ಟೆ ಸುತ್ತಿದ ಕಾಫಿ ಡಬ್ಬಿ ಕೈಗೆ ತಾಗಿತು.
ಅಲ್ಲಾಡಿಸದೆ, ಇದ್ದಲ್ಲೇ ಇಟ್ಟೆ.

ನಾಳೆ ಸೋಮವಾರ ಅಲ್ಲ, ಬ್ಯಾಂಕು ತೆರೆಯುವುದಿಲ್ಲ.
ಆದರೂ ಅಡುಗೆಮನೆಯಿಂದ ಬರುತ್ತಿದೆ,
ಅದೇ ಹಳೆಯ ಹಿಡಿಯಿಂದ, ಒಂದೊಂದೇ:
ಠಣ್.
ಲೆಕ್ಕದ ಪುಸ್ತಕದಲ್ಲಿ
ಎರಡು ಕಿಲೋವನ್ನು ನಾನು ಹಿಡಿಯಲಿಲ್ಲ.