ಮೂರು ನಿಮಿಷ

ಎಲಿನೆಡ್‌ಗೆ ಸಿಕ್ಕಿದ್ದು ಮೂರೇ ನಿಮಿಷ.
ಮೊಟ್ಟೆ ಬೇಯಿಸುವ ಗಡಿಯಾರ ತಿರುಗಿಸಿಟ್ಟು
ನಾಲ್ಕು ಗುರುವಾರ ಕಲಿಸಿದೆ, ಚಾಪೆಲಿನ ಹಿಂಕೋಣೆಯಲ್ಲಿ:
ಕಾಲೂರಿ ನಿಲ್ಲು. ಕೊನೆಯ ಸಾಲಿನವರ ಹಣೆ ನೋಡು.
ಒಂದು ಉಸಿರಿಗಿಂತ ಹೆಚ್ಚು ತಡೆಯಬೇಡ.

ಇಪ್ಪತ್ತಾರು ವರ್ಷ ಸ್ವಾನ್ಸೀಯ ಏರುಗಳಲ್ಲಿ ಬಸ್ಸು ಓಡಿಸಿದವಳು.
ಬೆನ್ನ ಹಿಂದೆ ಜನ ಕೂತು ಅಭ್ಯಾಸ, ಎದುರಿಗಲ್ಲ.
"ಕನ್ನಡಿಯಲ್ಲಾದರೆ ನೋಡಬಲ್ಲೆ" ಎಂದು ನಕ್ಕಿದ್ದಳು.

ಸಭೆ ಶಾಲೆಯ ಊಟದ ಕೋಣೆಯಲ್ಲೇ.
ಕೌನ್ಸಿಲ್ಲಿನವರು ಐವರು, ಒದ್ದೆ ಕೋಟು ಕುರ್ಚಿಗೆ ತೂಗಿಸಿ.
ಎದ್ದಳು. "ನಮ್ಮ ಮೊಮ್ಮಕ್ಕಳ ಶಾಲೆಯ ಸೂರು" ಅಂದಳು.
ಅಷ್ಟೇ.
ಮುಂದಿನ ಮಾತು ಬರಲಿಲ್ಲ.
ಹಿಂದಿನ ಸಾಲಿನಿಂದ ತುಟಿಯಾಡಿಸಿದೆ, ಬೆರಳೆತ್ತಿದೆ.
ಅವಳು ನನ್ನ ಹಣೆಯನ್ನೇ ನೋಡುತ್ತಿದ್ದಳು, ಹೇಳಿಕೊಟ್ಟ ಹಾಗೆ.

ಟಪ್.
ಪಿಯಾನೋ ಪಕ್ಕದ ಬಕೆಟ್ಟಿಗೆ.
ಟಪ್.
ಬರೆದುಕೊಳ್ಳುತ್ತಿದ್ದವನ ಪೆನ್ನು ನಿಂತಿತು.
ಒಬ್ಬೊಬ್ಬರಾಗಿ ತಲೆಯೆತ್ತಿದರು,
ತಮ್ಮ ಸ್ಟಾಪು ಬಂತೇ ಎಂದು ಎಚ್ಚರಾದವರ ಹಾಗೆ.
ಟಪ್.

ಗಡಿಯಾರ ಕಿರುಚಿತು. ಬೆಚ್ಚಿ ಕೂತಳು.
"ಎಲ್ಲ ಹಾಳು ಮಾಡಿದೆ, ಅಲ್ವಾ?" ಎಂದಳು ಕಿವಿಯಲ್ಲಿ.
ಕಲಿಸಿದವನು ನಾನು; ಏನಾದರೂ ಅನ್ನಬೇಕಿತ್ತು.
ಐದನೆಯ ಗುರುವಾರಕ್ಕೆಂದು ಬರೆದಿಟ್ಟ ಪಾಠ
ಜೇಬಿನಲ್ಲಿತ್ತು. ಅದನ್ನು ಇನ್ನೊಮ್ಮೆ ಮಡಚಿದೆ.