ಒಳಮಡಿ

ಬ್ರೂಸ್‌ಪೇಟೆಯ ಪುಸ್ತಕದಂಗಡಿ, ಏಪ್ರಿಲ್ಲಿನ ಮಧ್ಯಾಹ್ನ,
ಫ್ಯಾನಿಗೂ ಬೆವರು.
ಮೂರು ಪುಸ್ತಕ ಧೂಳು ಹೊಡೆದು ಗಲ್ಲಾದ ಮೇಲಿಟ್ಟು
ವಸಂತಯ್ಯ ಶೆಟ್ಟರು ಕೇಳಿದರು:
“ಏನಪ್ಪ ಹುಲುಗಪ್ಪ, ಒದೆಯೋಕೂ ಓದಬೇಕೇನು?”

ನಾನು ನಗಲಿಲ್ಲ.
ಕೌಲ್ ಬಜಾರಿನ ಜೀನ್ಸ್ ಕಟಿಂಗ್ ಮಾಸ್ಟರು ನಾನು,
ಉಗುರಿನ ಸಂದಿಯ ನೀಲಿ ಭಾನುವಾರವೂ ಹೋಗದವನು.
ಸ್ಯಾಮ್ಸನ್ ಮೇಷ್ಟ್ರು ಮಂಡಿ ಮುರಿದು ಮಲಗಿದ ಮೇಲೆ
ಅವರ ಸೀಟಿ ನನ್ನ ಕೊರಳಿಗೆ ಬಂತು,
ಅಲ್ಲಿ ಮೊದಲೇ ತೂಗುತ್ತಿದ್ದ ಅಳತೆಪಟ್ಟಿಯ ಪಕ್ಕಕ್ಕೆ.
ಹತ್ತೊಂಬತ್ತು ಮಕ್ಕಳು. ಎರಡು ಚೆಂಡು.
ಒಂದರಲ್ಲಿ ಗಾಳಿ ನಿಲ್ಲುವುದಿಲ್ಲ.

ಮೊದಲನೆಯದು ಇಂಗ್ಲಿಷಿನದು, ಇಟ್ಟಿಗೆಯ ತೂಕ.
ತೆರೆದರೆ ಹಸಿರು,
ಬಳ್ಳಾರಿಯಲ್ಲಿ ಯಾರೂ ಕಾಲಿಡದಂಥ ಹಸಿರು.
ಮಗುವಿಗೊಂದು ಚೆಂಡು, ಚೆಂಡಿಗೊಬ್ಬ ಅಪ್ಪ,
ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟುತ್ತ.
ಸಾಲಾಗಿ ಕಿತ್ತಳೆ ಬಣ್ಣದ ಕೋನುಗಳು.
ಕೋನು ನಮ್ಮಲ್ಲೂ ಉಂಟು, ದಾರ ಮುಗಿದ ಪ್ಲಾಸ್ಟಿಕ್ಕಿನವು;
ಗಾಳಿ ಬೀಸಿದರೆ ಮಕ್ಕಳಿಗಿಂತ ಮುಂದೆ ಅವೇ ಓಡುತ್ತವೆ.

ಎರಡನೆಯದು ಪರೀಕ್ಷೆಗೆ ಕಟ್ಟುವವರ ಪುಸ್ತಕ.
ಮೈದಾನದ ಉದ್ದ, ಚೆಂಡಿನ ತೂಕ, ಸುತ್ತಳತೆ,
ಕೊನೆಗೆ ‘ಬಿಟ್ಟ ಸ್ಥಳ ತುಂಬಿರಿ’.
ನಮ್ಮ ಮೈದಾನದಲ್ಲಿ ಬಿಟ್ಟ ಸ್ಥಳವನ್ನು
ಮದುವೆಯ ಶಾಮಿಯಾನ ತುಂಬುತ್ತದೆ, ಉತ್ತರ ಸರಿಯೋ ತಪ್ಪೋ.

ಬಟ್ಟೆ ಕೊಳ್ಳುವಾಗ ಮೇಲ್ಮೈ ನೋಡಬಾರದು,
ತಿರುವಿ ನೋಡಬೇಕು, ನೂಲು ಅಲ್ಲಿ ನಿಜ ಹೇಳುತ್ತದೆ.
ಹಾಗೇ ಪುಸ್ತಕವನ್ನು ಹಿಂದಿನಿಂದ ತೆರೆದೆ.
ಹುಡುಕಿದ್ದು ತಂತ್ರವನ್ನಲ್ಲ:
ಗೋಲು ಬಿಟ್ಟ ದಿನ ನಲ್ಲಿಯ ಹಿಂದೆ ನಿಂತು
ಬರೀ ಮುಖ ತೊಳೆಯುತ್ತಲೇ ಇರುವ ಶಬರೀನ್,
ಅಣ್ಣನ ಜೊತೆ ಒಂದೇ ಜೋಡಿ ಬೂಟು ಹಂಚಿಕೊಂಡು
ಎಡಗಾಲಿಗಷ್ಟೇ ಹಾಕಿ ಬರುವ ಎರ್ರಿಸ್ವಾಮಿ,
ನಾಲ್ಕು ತಿಂಗಳಾಯಿತು, ಚೆಂಡೊಮ್ಮೆಯೂ ಹತ್ತಿರ ಸುಳಿಯದ ಗಾದಿಲಿಂಗ.
ದಪ್ಪ ಪುಸ್ತಕದಲ್ಲಿ ‘ಪ್ರೇರಣೆ’ ಎಂದು ಹನ್ನೊಂದು ಅಂಶಗಳಿದ್ದವು.
ಇವರಲ್ಲಿ ಒಬ್ಬರೂ ಇರಲಿಲ್ಲ.

ಮೂರನೆಯದು ಸೊರಗಿದ್ದು, ರಟ್ಟು ಕಳಚಿದ್ದು,
ಯಾರೋ ಓದಿ ಮಾರಿದ್ದು.
ಮೂವತ್ತನಾಲ್ಕನೆಯ ಪುಟ:
‘ಸೋತ ದಿನ ಮಾತಾಡಬೇಡಿ. ನೀರು ಕೊಡಿ. ಚೆಂಡು ಎಣಿಸಿ.’
ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಹಳೆಯ ಯಜಮಾನನ ಗೀಚು:
‘ಎಣಿಸಿದೆ. ಒಂದು ಕಮ್ಮಿ.’
ಇನ್ನೊಂದು ಕಡೆ:
‘ಚೆಂಡು ಸಿಗದ ಮಗುವನ್ನು ಓಡಿಸಬೇಡಿ.
ಮೈದಾನವನ್ನು ಚಿಕ್ಕದು ಮಾಡಿ.’
ಇಷ್ಟು ದಿನ ಬಟ್ಟೆ ಮಡಿಸಿದೆನಲ್ಲ,
ನೆಲವನ್ನೂ ಮಡಿಸಬಹುದೆಂದು ಹೊಳೆದೇ ಇರಲಿಲ್ಲ.

ಪ್ರತಿ ಪಾಠದ ಕೊನೆಗೆ ಅರ್ಧ ಪುಟ ಖಾಲಿ.
ಅದನ್ನು ಕಂಡಾಗ ಕೈ ತಾನೇ ಜೇಬಿಗೆ ಹೋಯಿತು.
ಬೆಳೆಯುವ ಮಕ್ಕಳ ಪ್ಯಾಂಟಿಗೆ ನಾವು
ಎರಡಿಂಚು ಒಳಮಡಿ ಬಿಡುತ್ತೇವೆ,
ಬರೋ ವರ್ಷ ಬಿಚ್ಚಿಕೊಳ್ಳಲಿ ಅಂತ.
ಇದನ್ನು ಬರೆದವರ ಮನೆಯಲ್ಲೂ
ಒಂದು ಹೊಲಿಗೆ ಮಿಷನ್ ಇದ್ದಿರಬೇಕು.

ಆಫ್‌ಸೈಡಿನ ಪುಟ ಗೆದ್ದಲು ತಿಂದಿತ್ತು.
ಅದಕ್ಕೆ ಶೆಟ್ಟರು ಇಪ್ಪತ್ತು ರೂಪಾಯಿ ಬಿಟ್ಟರು,
ಮೇಲೆ ಒಗ್ಗರಣೆ ಮಿರ್ಚಿ ಕೊಡಿಸಿ
ಆ ಇಪ್ಪತ್ತನ್ನು ನಾನೇ ವಾಪಸು ಕೊಟ್ಟೆ.
ಆಫ್‌ಸೈಡು ಎಂದರೇನೆಂದು ಮಕ್ಕಳನ್ನೇ ಕೇಳಿದೆ.
ಮೂರು ಭಾಷೆಯಲ್ಲಿ ಐದು ಉತ್ತರ ಬಂದವು, ಒಂದು ಜಗಳ.

ಸಂಜೆ, ಬೆಟ್ಟದ ಕಲ್ಲು ಇನ್ನೂ ಕಾವು ಉಗುಳುತ್ತಿರುವಾಗ
ಕೋನುಗಳೊಳಗೆ ಬೆಣಚುಕಲ್ಲು ತುಂಬಿ ನಿಲ್ಲಿಸಿದೆ.
ಅಳತೆಪಟ್ಟಿ ಸಾಲಲಿಲ್ಲ, ಹೆಜ್ಜೆಯಲ್ಲಿ ಅಳೆದೆ.
ನಾಲ್ವರ ಎದುರು ನಾಲ್ವರು,
ಉಳಿದವರು ಬೇವಿನ ಕೆಳಗೆ, ತಮ್ಮ ಸರದಿಗೆ ಕೂಗುತ್ತ.
ಚೆಂಡಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ.
ಅದು ಗಾದಿಲಿಂಗನ ಕಡೆ ಉರುಳಿ ಬಂತು,
ಅವನು ಬೆಚ್ಚಿ
ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವುಚಿಕೊಂಡುಬಿಟ್ಟ.

ಎಲ್ಲರೂ ನನ್ನ ಸೀಟಿ ನೋಡಿದರು.
ಊದಲಿಲ್ಲ.

ರಾತ್ರಿ ಖಾಲಿ ಅರ್ಧ ಪುಟದಲ್ಲಿ
ಬಟ್ಟೆ ಗುರುತಿಸುವ ಸೀಮೆಸುಣ್ಣ ಮೂಡದೆ
ಮಗಳ ಪೆನ್ಸಿಲ್ ಕೇಳಿ ಬರೆದೆ:
‘ಗಾದಿಲಿಂಗ, ಚೆಂಡು ಮುಟ್ಟಿದ.
ಕೈಯಲ್ಲಿ. ಇರಲಿ.’